ಮಂಚದಡಿಯ ಅಮೆರಿಕ

ಹೆದರಿಸುವುದು ನನ್ನ ಹೊಟ್ಟೆಪಾಡು. ತಲೆಕೂದಲು ಕಪ್ಪಗಿದ್ದ ಕಾಲದಿಂದ ನಾನು ವಿಮೆ ಏಜೆಂಟು. ಶಿರೂರಿನ ಟೋಲ್‌ಗೇಟಿನಿಂದ ಬ್ರಹ್ಮಾವರದ ಆಕಾಶವಾಣಿ ಸರ್ಕಲ್ಲಿನವರೆಗೆ, ಹೆದ್ದಾರಿಯ ಎಡಬಲದಲ್ಲಿ ನಾನು ಹೆದರಿಸದೆ ಬಿಟ್ಟ ಮನೆ ಕಡಿಮೆ. ಚಾವಡಿಯಲ್ಲಿ ಕೂತು, ಕೊಟ್ಟ ಚಾ ಕುಡಿದು, "ದೇವ್ರ್ ದಯೆಯಿಂದ ನಿಮ್ಗೆಂತದೂ ಆತಿಲ್ಲ, ಆರೂ ಒಂದ್ ಮಾತಿಗ್..." ಎಂದು ಅಲ್ಲಿಗೇ ನಿಲ್ಲಿಸಿ, ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡಿರುವ ಅಜ್ಜನ ಪಟವನ್ನು ಒಂದು ಗಳಿಗೆ ನೋಡುವುದು ನನ್ನ ಪಟ್ಟು. ಆ ಗಳಿಗೆಯಲ್ಲಿ ಎದುರಿನವರ ಮುಖ ಬಾಡಿದರೆ ಚೀಲದಿಂದ ಪ್ರಪೋಸಲ್ ಫಾರಂ ಹೊರಗೆ ಬರುತ್ತದೆ. ಬಾಡದಿದ್ದರೆ ಇನ್ನೊಂದು ಚಾ. ಇಂಥ ನನ್ನನ್ನು ಅಮೆರಿಕದ ಹಳೇ ಟಿವಿ ಧಾರಾವಾಹಿಯೊಂದರ ಒಂದೇ ಒಂದು ಕಂತು, ಮುಕ್ಕಾಲು ಗಂಟೆಯೂ ಇಲ್ಲದ್ದು, ಮಂಚದ ಮೇಲೆ ಕಾಲು ಮಡಚಿ ಕೂರುವ ಸ್ಥಿತಿಗೆ ತಂದಿತು. ವೃತ್ತಿಯವರಿಗೆ ಗೊತ್ತಾದರೆ ನನ್ನ ಲೈಸೆನ್ಸಿಗೇ ಕುತ್ತು.

ನಾಚಿಕೆ ಯಾಕೆಂದರೆ, ನಾವು ಭೂತಕ್ಕೆ ಹೆದರುವ ಸೀಮೆಯವರಲ್ಲ. ನಮ್ಮಲ್ಲಿ ಭೂತಕ್ಕೆ ವಿಳಾಸವಿದೆ. ಹಾಯ್ಗುಳಿ, ಪಂಜುರ್ಲಿ, ಬೊಬ್ಬರ್ಯ, ಚಿಕ್ಕು ಎಂದು ಹೆಸರು ಹಿಡಿದು ಕರೆದು, ಕೊಡಬೇಕಾದ್ದನ್ನು ಕಾಲಕಾಲಕ್ಕೆ ಕೊಟ್ಟರೆ, ಎದುರು ಬಂದು ನಿಂತು ಗದ್ದೆಯಂಚಿನ ತಗಾದೆಯಿಂದ ಮಗಳ ಮದುವೆಯವರೆಗೆ ಎಲ್ಲಕ್ಕೂ ನುಡಿ ಕೊಡುತ್ತವೆ. ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಮಾರಣಕಟ್ಟೆಯಿದೆ. ತಪಸ್ಸಿಗೆ ಕೂತ ಕಂಹಾಸುರ ವರ ಕೇಳುವ ಹೊತ್ತಿಗೆ ಸರಿಯಾಗಿ ಬಾಯಿ ಕಟ್ಟಿಹೋಗಿ ಮೂಕಾಸುರನಾದ, ಅವನನ್ನು ದೇವಿ ಕೊಂದದ್ದು ಇಲ್ಲೇ ಎಂದು ನಂಬಿಕೆ. ಬೇರೆ ಸೀಮೆಯಾಗಿದ್ದರೆ ಕತ್ತಲಾದ ಮೇಲೆ ಜನ ಆ ಕಡೆ ತಲೆ ಹಾಕುತ್ತಿರಲಿಲ್ಲ. ನಮ್ಮವರು ಅಲ್ಲಿ ಬ್ರಹ್ಮಲಿಂಗೇಶ್ವರನ ಎದುರು ಮಕರ ಸಂಕ್ರಮಣಕ್ಕೆ ಜಾತ್ರೆ ಮಾಡಿ, ಹೆಮ್ಮಾಡಿಯ ಸೇವಂತಿಗೆಯನ್ನು ರಾಶಿಗಟ್ಟಲೆ ಒಪ್ಪಿಸಿ ಬರುತ್ತಾರೆ. ಹೆಮ್ಮಾಡಿಯ ಬೆಳೆಗಾರರು ಗಿಡ ನೆಡುವುದೇ ಆ ಜಾತ್ರೆಯ ಲೆಕ್ಕ ಹಿಡಿದು. ಸತ್ತ ರಾಕ್ಷಸನ ಹೆಸರಿನಲ್ಲಿ ಬದುಕಿದವರ ಗದ್ದೆಯಲ್ಲಿ ಹೂವು. ಇಷ್ಟು ಚೊಕ್ಕ ವ್ಯವಹಾರ ವಿಮೆಯಲ್ಲೂ ಇಲ್ಲ.

ಇನ್ನು ಯಕ್ಷಗಾನದ ರಾಕ್ಷಸ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಬೇಕು ಎಂಬುದು ಎಲ್ಲರಿಗೂ ಗೊತ್ತು. ಆಟದಲ್ಲಿ ಬಣ್ಣದ ವೇಷ ಬರುವುದು ಮಕ್ಕಳೆಲ್ಲ ಈಗಷ್ಟೇ ನಿದ್ದೆಗೆ ಜಾರಿದರು ಎಂದು ಖಾತ್ರಿಯಾದ ಮೇಲೆ. ಮೊದಲು ಚೆಂಡೆ. ಆಮೇಲೆ ಅಡ್ಡ ಹಿಡಿದ ತೆರೆಯ ಹಿಂದಿನಿಂದ ಆರ್ಭಟ. ಆಮೇಲೆ ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ. ಮುಖ ಕಾಣಲು ಇನ್ನೂ ಎಷ್ಟೋ ಹೊತ್ತು. ನಾನು ಅತ್ತೆಯ ಸೆರಗಿನೊಳಗೆ ಹೊಕ್ಕು ಒಂದೇ ಕಣ್ಣಿಗೆ ಕಿಂಡಿ ಬಿಟ್ಟುಕೊಂಡು ನೋಡುತ್ತಿದ್ದೆ. ನೋಡಲಿಕ್ಕೂ ಆಗದು, ನೋಡದಿರಲಿಕ್ಕೂ ಆಗದು. ಆದರೆ ಬೆಳಗಿನ ಜಾವಕ್ಕೆ ರಾಕ್ಷಸ ಸಾಯುತ್ತಿದ್ದ. ಭಾಗವತರು ಮಂಗಳ ಹಾಡುತ್ತಿದ್ದರು. ಚೌಕಿಯ ಹತ್ತಿರ ಹಾದುಹೋಗುವಾಗ ಅದೇ ರಾಕ್ಷಸ ಮುಖಕ್ಕೆ ಎಣ್ಣೆ ತಿಕ್ಕಿ ಬಣ್ಣ ತೆಗೆಯುತ್ತ, "ಮಾಣಿ, ಹೆದ್ರಿದ್ಯಾ?" ಎಂದು ಕೇಳುತ್ತಿದ್ದ. ಲೆಕ್ಕ ಚುಕ್ತಾ. ಮನೆಗೆ ಬಂದು ಮಲಗಿದರೆ ಮಧ್ಯಾಹ್ನದವರೆಗೆ ನಿದ್ದೆ.

ಟಿವಿ ಬಂದ ಮೇಲೂ ಈ ಶಿಸ್ತು ತಪ್ಪಿರಲಿಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ 'ಗುಡ್ಡದ ಭೂತ' ಬಂತು. ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು 1977ರಲ್ಲಿ ನಿರ್ಮಿಸಿದ ಸದಾನಂದ ಸುವರ್ಣರೇ ಇದರ ನಿರ್ದೇಶಕರು. ಈಗ ದೇಶಕ್ಕೆಲ್ಲ ಗೊತ್ತಿರುವ ಪ್ರಕಾಶ್ ರೈ ಆಗ ಇದರಲ್ಲಿ ಎಳೆಯ ಮುಖದ ನಟ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಗದ್ದೆ ದಾಟಿ ಆಚೆಮನೆಗೆ ಹೋಗಬೇಕು. ಹೋಗುವಾಗ ಏನೂ ಇಲ್ಲ. ಬರುವಾಗ ಮಾತ್ರ ಆ ಶೀರ್ಷಿಕೆ ಗೀತೆ ಕಿವಿಯೊಳಗೆ ಕೂತು ಜೊತೆಗೇ ಬರುತ್ತಿತ್ತು. ಸುಮಾರು ಇಪ್ಪತ್ತೈದು ವರ್ಷ ಕಳೆದ ಮೇಲೆ, 2015ರಲ್ಲಿ, 'ರಂಗಿತರಂಗ' ಸಿನಿಮಾದವರು ಅದೇ 'ಡೆನ್ನಾನ' ಹಾಡನ್ನು ಮತ್ತೆ ಎಬ್ಬಿಸಿದರು ಎಂದರೆ ಅದು ಎಷ್ಟು ಜನರ ಕಿವಿಯಲ್ಲಿ ಬಾಡಿಗೆ ಕೊಡದೆ ಕೂತಿತ್ತು ಎಂದು ಲೆಕ್ಕ ಹಾಕಿ. ಗದ್ದೆಯಂಚಿನಲ್ಲಿ ಹೆಂಗಸರು ಮಕ್ಕಳೆಲ್ಲ, "ಗಂಡ್ಸ್ ಅಲ್ದಾ, ನೀ ಮುಂದೆ ಹೋಗ್" ಎಂದು ಟಾರ್ಚನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಭಾಗವತರ ಪದ್ಯಗಳನ್ನು ಗಂಟಲು ಹರಿಯುವಷ್ಟು ಎತ್ತರದಲ್ಲಿ ಹಾಡುತ್ತ ಮುಂದೆ ಹೋಗುತ್ತಿದ್ದೆ. ಊರವರು ಈ ಹುಡುಗನಿಗೆ ಯಕ್ಷಗಾನದಲ್ಲಿ ಆಸಕ್ತಿ ಎಂದುಕೊಂಡರು. ಒಂದಿಬ್ಬರು ಮೇಳಕ್ಕೆ ಸೇರಿಸುವ ಮಾತನ್ನೂ ಆಡಿದ್ದುಂಟು.

ಆಮೇಲೆ 1993ರಲ್ಲಿ ರಾಮ್ಸೆ ಸಹೋದರರ 'ಜೀ ಹಾರರ್ ಶೋ', 1995ರಲ್ಲಿ ಸೋನಿಯ 'ಆಹಟ್'. ಎರಡನ್ನೂ ನಾನು ಬಿಡದೆ ನೋಡಿದವನು. ಬಾಗಿಲು ಕಿರ್ ಎನ್ನುವುದು, ಹೊಗೆ ಏಳುವುದು, ಬೆಕ್ಕು ಹಾರುವುದು, ಬಿಳಿ ಸೀರೆ. ಎಲ್ಲ ಹೇಳಿ ಕೇಳಿ ಬರುವಂಥವು. ಹೆದರಲು ಮೊದಲೇ ತಯಾರಾಗಿ ಕೂರಬಹುದು.

ಕಳೆದ ಆಸಾಡಿಯ ಜಡಿಮಳೆಯಲ್ಲಿ ಮಗಳು ಬೆಂಗಳೂರಿನಿಂದ ಬಂದಿದ್ದಳು. ರಾತ್ರಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಊಟ ಮುಗಿಸಿ ನಾನು ಎಂದಿನ ಶೌರ್ಯಪುರಾಣಕ್ಕೆ ಕೂತೆ. ರಾಮ್ಸೆಯವರ ಭೂತ ಕಂಡು ನಕ್ಕವನು, 'ಆಹಟ್' ಮುಗಿದ ಮೇಲೆ ನಡುರಾತ್ರಿ ಹೊರಗಿನ ಬಚ್ಚಲಿಗೆ ಹೋಗಿಬಂದವನು ಎಂಬಲ್ಲಿಗೆ ಕಥೆ ಬಂದಿತ್ತು. ಹೋಗಿಬಂದದ್ದು ನಿಜ. ಜೊತೆಗೆ ನಾಯಿ ಇತ್ತು ಎಂಬುದನ್ನು ಕಥೆಯ ಓಘಕ್ಕೆ ಅಡ್ಡಿಯಾಗುತ್ತದೆಂದು ಹೇಳುವುದಿಲ್ಲ.

"ಹಾಂಗಾರೆ ಒಂದ್ ಇತ್ತ್, ಕಾಂತ್ರ್ಯಾ ಅಪ್ಪಯ್ಯ?" ಎಂದು ಮಗಳು ಲ್ಯಾಪ್‌ಟಾಪ್ ತೆರೆದಳು.

'ದಿ ಎಕ್ಸ್-ಫೈಲ್ಸ್' ಅಂತೆ. ಕ್ರಿಸ್ ಕಾರ್ಟರ್ ಎಂಬವರು ಶುರುಮಾಡಿದ್ದು 1993ರಲ್ಲಿ, ನಾವಿಲ್ಲಿ ರಾಮ್ಸೆಯವರ ಹೊಗೆಯಲ್ಲಿ ಕೆಮ್ಮುತ್ತಿದ್ದ ಅದೇ ವರ್ಷ. ಮುಲ್ಡರ್, ಸ್ಕಲಿ ಎಂಬ ಇಬ್ಬರು ಎಫ್‌ಬಿಐ ಅಧಿಕಾರಿಗಳು, ಯಾರಿಗೂ ಬಿಡಿಸಲಾಗದ ವಿಚಿತ್ರ ಕೇಸುಗಳ ಬೆನ್ನು ಹತ್ತುತ್ತಾರೆ. ಮಗಳು ಹಾಕಿದ್ದು ನಾಲ್ಕನೇ ಸರಣಿಯ ಎರಡನೇ ಕಂತು, 'ಹೋಮ್'. 1996ರ ಅಕ್ಟೋಬರ್ 11ರಂದು ಪ್ರಸಾರವಾದದ್ದು. ಬರೆದವರು ಗ್ಲೆನ್ ಮಾರ್ಗನ್, ಜೇಮ್ಸ್ ವಾಂಗ್. ನಿರ್ದೇಶನ ಕಿಮ್ ಮ್ಯಾನರ್ಸ್. ಈ ಧಾರಾವಾಹಿಯಲ್ಲಿ ಪ್ರೇಕ್ಷಕರಿಗೆ ಮುನ್ನೆಚ್ಚರಿಕೆಯ ಪಾಟಿ ತೋರಿಸಿ ಹಾಕಿದ ಮೊದಲ ಕಂತು ಇದೇ. ಆಮೇಲೆ ಆ ವಾಹಿನಿಯವರೇ ಇದನ್ನು ವರ್ಷಗಟ್ಟಲೆ ಮರುಪ್ರಸಾರ ಮಾಡಲಿಲ್ಲ. ಮಗಳು ಇದನ್ನೆಲ್ಲ ಹೇಳಿದಾಗ ನಾನು ಕೈ ಬೀಸಿದೆ. ಪಾಲಿಸಿ ಕಾಗದದ ಕೊನೆಯಲ್ಲಿರುವ ಸಣ್ಣಕ್ಷರದ ಎಚ್ಚರಿಕೆಗಳನ್ನು ಗಿರಾಕಿಯ ಕಣ್ಣಿಗೆ ಬೀಳುವ ಮುಂಚೆ ಪುಟ ತಿರುಗಿಸುವವನಿಗೆ ಎಂಥ ಎಚ್ಚರಿಕೆ?

ಶುರುವಾಗುವುದೇ ಮಳೆಯ ರಾತ್ರಿಯಲ್ಲಿ. ಹೊರಗೆ ನಮ್ಮ ಮಳೆ, ಒಳಗೆ ಅವರ ಮಳೆ. ಯಾವುದು ಯಾವುದೆಂದು ತಿಳಿಯದು. ಪೆನ್ಸಿಲ್ವೇನಿಯ ರಾಜ್ಯದ ಹೋಮ್ ಎಂಬ ಪುಟ್ಟ ಊರು. ಆ ಹೆಸರಿನ ಊರು ಅಲ್ಲಿ ನಿಜಕ್ಕೂ ಇದೆ. ಊರಾಚೆಯ ಹಳೇ ಮನೆಯಲ್ಲಿ ಪೀಕಾಕ್ ಮನೆತನದ ಮೂವರು ಅಣ್ಣತಮ್ಮಂದಿರು. ಕರೆಂಟಿಲ್ಲ, ನಲ್ಲಿನೀರಿಲ್ಲ, ಊರವರ ಕೂಡೆ ಮಾತುಕತೆಯಿಲ್ಲ. ಆಗಷ್ಟೇ ಹುಟ್ಟಿದ ಕೂಸೊಂದನ್ನು ಆ ಮಳೆಯಲ್ಲೇ ಮಣ್ಣು ಮಾಡುತ್ತಾರೆ. ಭೂತವಿಲ್ಲ, ಹೊಗೆಯಿಲ್ಲ, ಬಿಳಿ ಸೀರೆಯಿಲ್ಲ. ನಾನು ತಯಾರಾಗಿ ಕೂತ ಹೆದರಿಕೆಗಳಲ್ಲಿ ಒಂದಕ್ಕೂ ಕೆಲಸವಿಲ್ಲ.

ಹೆಂಡತಿ ಪಕ್ಕದಲ್ಲಿ ಹಲಸಿನ ಬೀಜದ ಸಿಪ್ಪೆ ಕೆರೆಯುತ್ತ ಕೂತಿದ್ದಳು. ಅವಳ ತವರು ಬಾರ್ಕೂರು. ಹತ್ತು ಕೇರಿ, ಹತ್ತಾರು ಗುಡಿ, ಹಾಳುಬಿದ್ದ ಕೋಟೆ ನೋಡಿ ಬೆಳೆದವಳಿಗೆ ಇಂಥ ಒಂದು ಮುರುಕು ಮನೆ ಯಾವ ಲೆಕ್ಕ! ಅಧಿಕಾರಿಗಳಿಬ್ಬರೂ ಟಾರ್ಚ್ ಹಿಡಿದು ಕತ್ತಲ ಮನೆಯೊಳಗೆ ಹೆಜ್ಜೆಹೆಜ್ಜೆಯಾಗಿ ಹೋಗುತ್ತಿದ್ದರೆ, ನನ್ನ ಎದೆ ಬಾಯಿಗೆ ಬಂದಿದ್ದರೆ, ಅವಳು ಬೀಜದಿಂದ ಕಣ್ಣೆತ್ತದೆ, "ಒಂದ್ ಬಲ್ಬ್ ಹಾಕುಕೆ ಎಂತ ದಾಡಿ ಇವ್ರಿಗ್?" ಎಂದಳು.

ಆ ಊರಿನ ಪೊಲೀಸ್ ಅಧಿಕಾರಿ ಒಳ್ಳೇ ಮನುಷ್ಯ. ನಮ್ಮಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾನೆ. ನಾನು ಮೆಲ್ಲಗೆ ನಮ್ಮ ಹೆಬ್ಬಾಗಿಲ ಕಡೆ ನೋಡಿದೆ. ನಾವೂ ಚಿಲಕ ಹಾಕುವುದು ಬೀದಿನಾಯಿ ಬಂದು ಚಪ್ಪಲಿ ಕಚ್ಚಿಕೊಂಡು ಹೋಗದಿರಲಿ ಎಂದಷ್ಟೇ. ಆ ರಾತ್ರಿ ಅಣ್ಣತಮ್ಮಂದಿರು ಬಿಳಿ ಕ್ಯಾಡಿಲ್ಯಾಕ್ ಕಾರಿನಲ್ಲಿ ಹೊರಡುತ್ತಾರೆ. ಕಾರಿನೊಳಗೆ 1950ರ ದಶಕದ ಒಂದು ಸಿಹಿಯಾದ ಪ್ರೇಮಗೀತೆ. ಅದನ್ನು ಹಾಡಿ ಹೆಸರಾದ ಜಾನಿ ಮ್ಯಾಥಿಸ್ ಈ ಕಂತಿಗೆ ತನ್ನ ದನಿ ಕೊಡಲು ಒಪ್ಪಲಿಲ್ಲವಂತೆ, ಬೇರೆಯವರಿಂದ ಹಾಡಿಸಿದರು. ಮ್ಯಾಥಿಸ್ ಮುಂದಾಲೋಚನೆಯ ಮನುಷ್ಯ. ಈಗ ನಮ್ಮೂರಿನ ಐಸ್‌ಕ್ರೀಂ ಗಾಡಿ ಹಳೇ ಹಾಡು ಹಾಕಿಕೊಂಡು ಬಂದರೂ ನಾನು ಒಳಗೆ ಹೋಗುತ್ತೇನೆ.

ಪೊಲೀಸ್ ಅಧಿಕಾರಿ ಹೆಂಡತಿಯನ್ನು ಮಂಚದಡಿಗೆ ದೂಡಿ ಬಚ್ಚಿಡುತ್ತಾನೆ. ಅದರಿಂದ ಇಬ್ಬರಿಗೂ ಉಪಕಾರವಾಗುವುದಿಲ್ಲ. ಅಲ್ಲಿಗೆ ಸಾಕಿತ್ತು. ಆದರೆ ಆ ಪಾಪಿಗಳ ಮನೆಯಲ್ಲೂ ಒಂದು ಮಂಚವಿದೆ, ಅದರಡಿಯಲ್ಲೂ ಒಬ್ಬಾಕೆ ಇದ್ದಾಳೆ. ಎಲ್ಲಿಂದಲೋ ಹೊತ್ತುತಂದು ಕೂಡಿಹಾಕಿದ ಹೆಂಗಸೆಂದು ಅಧಿಕಾರಿಗಳು ಬಿಡಿಸಲು ಹೋದರೆ, ಅವಳು ಬಿಡಿಸಿಕೊಳ್ಳಲು ಒಲ್ಲಳು. ಅಪಘಾತದಲ್ಲಿ ಕೈಕಾಲು ಹೋದ ಅವಳು ಅವರ ತಾಯಿ. ಆ ಮನೆಯಲ್ಲಿ ಹುಟ್ಟಿದ ಕೂಸುಗಳಿಗೂ ಅವಳೇ ತಾಯಿ. ಇಲ್ಲಿಂದ ಮುಂದಿನದನ್ನು ನಾನು ಬಿಡಿಸಿ ಹೇಳುವವನಲ್ಲ. ಪ್ರಪೋಸಲ್ ಫಾರಂನಲ್ಲಿ ಕುಟುಂಬದ ವಿವರ ಎಂಬ ಭಾಗವಿದೆಯಲ್ಲ, ಪೀಕಾಕ್ ಮನೆಯವರಿಗೆ ಅದರಲ್ಲಿ ತಂದೆಗೊಂದು, ಅಣ್ಣನಿಗೊಂದು ಎಂದು ಬೇರೆಬೇರೆ ಸಾಲು ಬೇಕಾಗುವುದಿಲ್ಲ ಎಂದರೆ ನಿಮಗೆ ತಿಳಿಯಬಹುದು.

ಮಗಳು ಲ್ಯಾಪ್‌ಟಾಪ್ ಮುಚ್ಚಿ, ಬರೆದವರಿಗೆ ಈ ತಾಯಿ ಎಲ್ಲಿ ಸಿಕ್ಕಿದಳು ಗೊತ್ತೇ ಎಂದು ಕೇಳಿದಳು. ಚಾರ್ಲಿ ಚಾಪ್ಲಿನ್ ಆತ್ಮಕಥೆಯಲ್ಲಂತೆ. ನಾಟಕದ ತಿರುಗಾಟದ ಕಾಲದಲ್ಲಿ ಚಾಪ್ಲಿನ್ ವೇಲ್ಸ್‌ನ ಗಣಿಯೂರೊಂದರ ಮನೆಯಲ್ಲಿ ಉಳಿದುಕೊಂಡಿದ್ದಾಗ, ಆ ಮನೆಯವರು ಅಡುಗೆಕೋಣೆಯ ಕಪಾಟಿನ ಕೆಳಗೆ ಮಲಗುತ್ತಿದ್ದ ಕಾಲಿಲ್ಲದ ಒಬ್ಬ ಮನುಷ್ಯನನ್ನು ತೋರಿಸಿದ್ದರು. ಜಗತ್ತನ್ನು ನಗಿಸಿದವನು ಬರೆದಿಟ್ಟದ್ದು ಎಷ್ಟೋ ಕಾಲದ ಮೇಲೆ ಇನ್ನೊಬ್ಬರ ಕೈಗೆ ಸಿಕ್ಕಿ ಹೀಗಾಯಿತು. ಹಾಸ್ಯ ಬರೆಯುವವರು ಎಚ್ಚರದಿಂದಿರಬೇಕು.

"ಹೆದ್ರಿಕಿ ಆಯ್ತಾ ಅಪ್ಪಯ್ಯ?"

"ಎಂತಕ್? ಎಡಿಟಿಂಗ್ ಒಳ್ಳೇದಿತ್ತ್" ಎಂದೆ.

ಆಮೇಲೆ ಹೆಬ್ಬಾಗಿಲಿಗೆ ಚಿಲಕ ಹಾಕಿ, ಅಡ್ಡಕ್ಕೆ ಒನಕೆ ಇಟ್ಟೆ. ಹೆಂಡತಿ, "ಯಾರ್ ಬತ್ರ್ ಅಂದೇಳಿ ಇದ್?" ಎಂದಳು. ಗಾಳಿಗೆ ಬಾಗಿಲು ಬಡಿಯುತ್ತದೆ ಎಂದೆ. ಅವಳು ಒನಕೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ಮಲಗಿದಳು.

ಉಳಿದದ್ದು ಮಂಚ. ನಮ್ಮ ಮಂಚ ನನ್ನ ಅಜ್ಜನ ಕಾಲದ್ದು, ಹಲಸಿನ ಮರದ್ದು, ನೆಲದಿಂದ ಒಳ್ಳೇ ಎತ್ತರ. ಅದರಡಿಯಲ್ಲಿ ತೆಂಗಿನಕಾಯಿ, ಹಪ್ಪಳದ ಡಬ್ಬಿ, ಅವಧಿ ಮುಗಿದ ಪಾಲಿಸಿಗಳ ಕಟ್ಟು ಎಲ್ಲ ಇದ್ದರೂ ನಡುವೆ ಒಬ್ಬರು ಆರಾಮವಾಗಿ ಮಲಗುವಷ್ಟು ಜಾಗ ಖಾಲಿ ಇರುತ್ತದೆ. ಇಷ್ಟು ವರ್ಷ ಆ ಖಾಲಿ ಜಾಗ ನನ್ನ ಗಮನಕ್ಕೆ ಬಂದಿರಲಿಲ್ಲ. ಆ ರಾತ್ರಿ ಬಂತು. ಸದ್ದಿಲ್ಲದೆ ಅಡುಗೆಕೋಣೆಗೆ ಹೋಗಿ ಮಿಡಿ ಉಪ್ಪಿನಕಾಯಿಯ ಭರಣಿ ತಂದು ಅಲ್ಲಿ ದೂಡಿದೆ. ಇನ್ನೂ ಜಾಗವಿತ್ತು. ಹುಣಸೆಹಣ್ಣಿನ ಭರಣಿ ತಂದೆ. ಇನ್ನೂ ಒಬ್ಬ ಸಪೂರದ ಮನುಷ್ಯ ಹಿಡಿಸುವಷ್ಟಿತ್ತು. ಆಗ ನನಗೆ ಒಂದು ಉಪಾಯ ಹೊಳೆಯಿತು. ಒಬ್ಬರು ಹೆಚ್ಚಿಗೆ ಕೋಣೆಯಲ್ಲಿದ್ದರೆ ಒಳ್ಳೆಯದಲ್ಲವೇ?

ಎಂಬತ್ತು ದಾಟಿದ ನನ್ನ ತಾಯಿ, ನಮ್ಮ ಬಾಯಲ್ಲಿ ಅಬ್ಬಿ, ಆಚೆ ಕೋಣೆಯಲ್ಲಿ ಮಲಗುವವಳು. ಉಪ್ಪುಂದದ ಕಡಲ ಗಾಳಿ ಕುಡಿದು ಬೆಳೆದ ಜೀವ. "ಅಬ್ಬಿ, ಆ ಕ್ವಾಣಿ ಸೋರತ್ತ್, ಥಂಡಿ ಆತ್ತ್, ಇಲ್ಲ್ ಬಂದ್ ಮನಿಕೋ" ಎಂದು ಅವಳ ಚಾಪೆ ಹೊದಿಕೆ ಎತ್ತಿಕೊಂಡು ಬಂದೆ. ಕೋಣೆ ಸೋರುತ್ತಿರಲಿಲ್ಲ. ಮಂಚದ ಮೇಲೆ ಮಲಗು ಎಂದರೆ ಅವಳು ಕೇಳುವವಳಲ್ಲ. ನೆಲದ ಮೇಲೆ ಚಾಪೆ ಹಾಸಿಕೊಂಡಳು. ಮಗ ವಯಸ್ಸಾದ ತಾಯಿಯ ಮೇಲೆ ಇಷ್ಟು ಕಾಳಜಿ ಮಾಡುವುದನ್ನು ಕಂಡು ಹೆಂಡತಿಗೆ ನಿದ್ದೆಗಣ್ಣಿನಲ್ಲೂ ಆಶ್ಚರ್ಯವಾಯಿತು. ನಾನು ಇಬ್ಬರು ಹೆಂಗಸರ ನಡುವೆ ಭದ್ರವಾಗಿ, ಒಬ್ಬಳು ಮೇಲೆ ಒಬ್ಬಳು ಕೆಳಗೆ ಎಂಬ ಬಂದೋಬಸ್ತಿನಲ್ಲಿ, ನಿದ್ದೆ ಹೋದೆ.

ನಡುರಾತ್ರಿ ಕರೆಂಟು ಹೋಯಿತು. ಫ್ಯಾನು ನಿಂತದ್ದಕ್ಕೆ ಎಚ್ಚರ. ಮಳೆ ಹೊಡೆಯುತ್ತಿತ್ತು. ಎಲ್ಲೋ ಮಡಲು ಬಿದ್ದ ಸದ್ದು. ಅದರ ನಡುವೆ ಇನ್ನೊಂದು ಸದ್ದು: ಸರ್... ಸರ್... ಎಂದು ನೆಲ ಕೆರೆಯುವುದು. ನನ್ನ ಕೆಳಗಿನಿಂದ. ಸರಿಯಾಗಿ ನನ್ನ ಬೆನ್ನಿನ ಕೆಳಗಿನಿಂದ. ಹೆಂಡತಿಯನ್ನು ತಟ್ಟಿದೆ, ಅವಳು ನನ್ನ ಕೈಯನ್ನು ತಳ್ಳಿ ಆಚೆ ಹೊರಳಿದಳು. ಮೊಬೈಲಿನ ಟಾರ್ಚು ಹಚ್ಚಿ, ಹಾಸಿಗೆಯ ಅಂಚಿನಿಂದ ತಲೆ ಕೆಳಗೆ ಮಾಡಿ ಇಣುಕಿದೆ. ಚಾಪೆ ಖಾಲಿ. ಮಂಚದಡಿಯಿಂದ ಒಂದು ಬಿಳಿಗೂದಲಿನ ತಲೆ ಮೆಲ್ಲಗೆ ಹೊರಗೆ ಬಂತು. ತುಟಿ ಕೆಂಪು. ಕಣ್ಣು ನೇರ ನನ್ನ ಕಣ್ಣಿಗೆ.

ನಾನು ಕೂಗಿದ ಕೂಗನ್ನು ಆಚೆಮನೆಯವರು ಈಗಲೂ 'ಕಾಂತಾರ'ದ ಕೂಗು ಎಂದೇ ಹೇಳುತ್ತಾರೆ. 2022ರಲ್ಲಿ ಆ ಸಿನಿಮಾ ಬಂದಾಗಿನಿಂದ ಇಡೀ ಕುಂದಾಪುರದ ಮಕ್ಕಳು ಹಾಗೆ ಕೂಗಲು ಅಭ್ಯಾಸ ಮಾಡಿದ್ದಾರೆ. ಕೆರಾಡಿಯ ರಿಷಬ್ ಶೆಟ್ಟರು ಎದೆಯ ಯಾವ ಮೂಲೆಯಿಂದ ತೆಗೆದರೋ ಆ ಸ್ವರ ಯಾರಿಗೂ ಬಂದಿರಲಿಲ್ಲ. ನನಗೆ ಅಭ್ಯಾಸವಿಲ್ಲದೆ ಬಂತು.

"ಎಂತಾ ಮಾಣಿ, ಕೆಟ್ಟ ಕನ್ಸಾ?" ಎಂದಳು ಅಬ್ಬಿ, ಅರ್ಧ ಮಂಚದಡಿಯಲ್ಲೇ ಇದ್ದುಕೊಂಡು. "ಫ್ಯಾನಿನ್ ಗಾಳಿಗ್ ಮೈ ಥಂಡಿ ಆತ್ತ್ ಅಂದೇಳಿ ಇಲ್ಲ್ ಮನಿಕಂಡೆ. ನನ್ ಕವ್ಳದ್ ಚೀಲ ಕಂಡ್ಯಾ? ಯಾರೋ ಇಲ್ಲೆಲ್ಲ ಭರಣಿ ತುಂಬ್ಸಿರ್."

ಅಷ್ಟರಲ್ಲಿ ಮಗಳು ಓಡಿಬಂದಿದ್ದಳು. ನನ್ನನ್ನು ನೋಡಿದಳು, ಮಂಚದಡಿಯ ಅಜ್ಜಿಯನ್ನು ನೋಡಿದಳು, ಬಾಗಿಲಲ್ಲೇ ಕುಸಿದು ಕೂತು ನಗಲು ಶುರುಮಾಡಿದಳು. ಹೆಂಡತಿ ಎದ್ದು ಕೇಳಿದ್ದು ಒಂದೇ ಪ್ರಶ್ನೆ: ಉಪ್ಪಿನಕಾಯಿ ಭರಣಿ ಇಲ್ಲಿಗೆ ಹೇಗೆ ಬಂತು?

ಮರುದಿನ ಬೆಳಗ್ಗೆ ಅಬ್ಬಿ ಹಟ ಹಿಡಿದಳು. ಮಗನನ್ನು ಇಷ್ಟು ಹೆದರಿಸಿದ್ದು ಎಂಥದ್ದೆಂದು ತಾನೂ ಕಾಣಬೇಕು. ಬೇಡವೆಂದು ನಾನು ಬಗೆಬಗೆಯಾಗಿ ಹೇಳಿದೆ. ಅಜ್ಜಿಯೂ ಮೊಮ್ಮಗಳೂ ಒಂದಾದ ಮೇಲೆ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಕವಡೆ ಬೆಲೆಯಿಲ್ಲ. ಚಾವಡಿಯಲ್ಲಿ ಚಾಪೆ ಹಾಸಿ, ಮಗಳು ತಾಳಮದ್ದಳೆಯ ಅರ್ಥಧಾರಿಯಾಗಿ ಪಕ್ಕದಲ್ಲಿ ಕೂತು, ಇಂಗ್ಲಿಷಿನ ಪ್ರತಿ ಮಾತಿಗೂ ಕುಂದಾಪ್ರ ಕನ್ನಡದಲ್ಲಿ ಅರ್ಥ ಹೇಳಿದಳು. ಅಬ್ಬಿ ಕವಳ ಜಗಿಯುತ್ತ ನೋಡಿದಳು. ಮಳೆಯಲ್ಲಿ ಕೂಸನ್ನು ಹೂಳುವಾಗ "ಅಯ್ಯೋ ಪಾಪಿಗಳೇ" ಎಂದಳು. ಆ ಮನೆಯ ಒಳಗು ಕಂಡಾಗ, "ಕಸ ಗುಡ್ಸಿ ಎಷ್ಟ್ ಕಾಲ ಆಯ್ತೋ" ಎಂದಳು. ಕೊನೆಯಲ್ಲಿ ಅಧಿಕಾರಿಗಳು ಅಣ್ಣತಮ್ಮಂದಿರನ್ನು ಮನೆಯಿಂದ ಹೊರಗೆಳೆಯಲು ಅವರ ಹಂದಿಗಳನ್ನೆಲ್ಲ ಬಿಚ್ಚಿ ಓಡಿಸುತ್ತಾರೆ. ಆ ಒಂದು ದೃಶ್ಯವನ್ನು ಮಾತ್ರ ಮೆಚ್ಚಿ, ಅಧಿಕಾರಿ ಹೆಂಗಸಿಗೆ ಹಂದಿ ಅಟ್ಟಲು ಬರುವುದಿಲ್ಲ ಎಂದು ತೀರ್ಪು ಕೊಟ್ಟಳು.

ತಾಯಿಯ ಗುಟ್ಟು ಹೊರಬಂದಾಗ ಮಗಳ ಅರ್ಥಗಾರಿಕೆ ತಡವರಿಸಿತು. ಎರಡು ಸಲ ಸುತ್ತಿ ಬಳಸಿ ಹೇಳಿದಳು. ಅಬ್ಬಿ ಜಗಿಯುವುದನ್ನು ನಿಲ್ಲಿಸಿದಳು.

"ಅವ್ರ್ದ್ ಯಾವ್ ಬಳಿ?"

ನಮ್ಮ ಕಡೆಯ ಹಲವು ಜಾತಿಗಳಲ್ಲಿ ಬಳಿ ತಾಯಿಯ ಕಡೆಯಿಂದ ಬರುವುದು. ಒಂದೇ ಬಳಿಯವರು ಅಣ್ಣತಂಗಿ ಲೆಕ್ಕ, ಮದುವೆ ಕೂಡದು. ಹುಡುಗ ಅಮೆರಿಕದಲ್ಲಿ ಇಂಜಿನಿಯರಾದರೂ ಸೈ, ಮೊದಲ ಪ್ರಶ್ನೆ ಬಳಿ ಯಾವುದು ಎಂದು. ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿಯೂ ತಾಯಿಯ ಬಳ್ಳಿ ಹಿಡಿದೇ ಹೋಗುತ್ತಿದ್ದದ್ದು. ಅಬ್ಬಿಯ ಲೆಕ್ಕದಲ್ಲಿ ಜಗತ್ತಿನ ಎಲ್ಲ ಕೇಡೂ ಬಳಿ ಕೇಳದೆ ಮುಂದುವರಿದವರಿಂದ ಬಂದದ್ದು. ಅವರಿಗೆ ಬಳಿಯಿಲ್ಲ ಎಂದು ಮಗಳು ಹೇಳಿದಾಗ ಅವಳು ಪಿಕದಾನಿಗೆ ಉಗಿದು, ನನ್ನ ಕಡೆ ತಿರುಗಿ, "ಇದಕ್ಕ್ ಭೂತ ಅಂಬ್ರಾ? ಭೂತ ಆರೆ ಒಂದ್ ಕೋಳಿ ಕೊಟ್ಟ್ ಸಮ ಮಾಡ್ಲಕ್ಕಿತ್ತ್. ಇವ್ರಿಗ್ ಎಂತ ಕೊಡುದ್?" ಎಂದಳು.

ಹಿಂದಿನ ರಾತ್ರಿಯಿಂದ ನನ್ನ ಎದೆಯಲ್ಲಿ ಸಿಕ್ಕಿಕೊಂಡಿದ್ದದ್ದು ಇದೇ. ನಮ್ಮ ಎಲ್ಲ ಹೆದರಿಕೆಗಳಿಗೂ ಒಂದು ಕೊಡುವ ಮಾರ್ಗವಿದೆ: ಕೋಳಿ, ಹೂವು, ಹರಕೆ, ಆಟ, ಕಡೆಗೆ ಪ್ರೀಮಿಯಂ. ಈ ಕಂತಿನಲ್ಲಿ ಕೊಡಲು ಯಾರಿಗೂ ಏನೂ ತೋಚುವುದಿಲ್ಲ. ಕೊನೆಗೆ ಇಬ್ಬರು ತಮ್ಮಂದಿರು ಸತ್ತರೂ, ತಾಯಿಯೂ ಹಿರಿಮಗನೂ ಅದೇ ಬಿಳಿ ಕಾರಿನ ಡಿಕ್ಕಿಯಲ್ಲಿ ಅಡಗಿ ತಪ್ಪಿಸಿಕೊಳ್ಳುತ್ತಾರೆ, ಇನ್ನೆಲ್ಲೋ ಹೋಗಿ ಹೊಸ ಸಂಸಾರ ಹೂಡಲಿಕ್ಕೆ. ಮಂಗಳವಿಲ್ಲ. ಚೌಕಿಗೆ ಹೋಗಿ ಬಣ್ಣ ತೆಗೆಯುವವರಿಲ್ಲ. ಇಡೀ ರಾತ್ರಿ ಕೂತವರನ್ನು ಬೆಳಗಾಗುವ ಮುಂಚೆಯೇ ಟೆಂಟಿನಿಂದ ಹೊರಹಾಕಿದರೆ ಯಾರು ಸುಮ್ಮನಿರುತ್ತಾರೆ ಮಾರಾಯ್ರೆ?

ನನಗೆ ಇನ್ನೊಂದು ತಕರಾರೂ ಇದೆ. ಬಡವರು, ಹಳ್ಳಿಯವರು, ಅಂಗ ಊನವಾದವರು, ಮೈಮೇಲೆ ಕೊಳೆಯಿರುವವರು. ಇವರನ್ನೇ ರಾಕ್ಷಸರನ್ನಾಗಿ ಮಾಡುವುದು ಸುಲಭದ ದಾರಿ. 'ಕಾಂತಾರ' ಬಂದ ಮೇಲೆ ಕ್ಯಾಮೆರಾ ಹೊತ್ತು ಬಂದ ಒಬ್ಬ ಹುಡುಗ ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ, "ಸರ್, ಇಲ್ಲಿ ಹತ್ತಿರದಲ್ಲಿ ಭಯಂಕರ ಭೂತ ಎಲ್ಲಿ ಸಿಗುತ್ತೆ?" ಎಂದು ಕೇಳಿದ್ದ. ಅವತ್ತು ನನಗೆ ಸಿಟ್ಟು ಬಂದಿತ್ತು. ಹೋಮ್ ಊರಿನ ಜನ ಈ ಕಂತು ನೋಡಿ ಏನೆಂದುಕೊಂಡರೋ ಎಂಬ ಯೋಚನೆ ಮಾತ್ರ ನನಗೆ ಬಂದದ್ದು ಮುಗಿದ ಮೇಲೆ, ಮಂಚದ ಮೇಲೆ ಕಾಲು ಮಡಚಿ ಕೂತಾಗ. ನೋಡುವಷ್ಟು ಹೊತ್ತು ಅವರು ಅಮೆರಿಕದವರು, ಸಾಯಲಿ ಎಂದೇ ಇತ್ತು. ಸೆರಗಿನ ಕಿಂಡಿಗೆ ಕಣ್ಣು ಇಟ್ಟವನಿಗೆ ನ್ಯಾಯಾನ್ಯಾಯ ಹೊಳೆಯುವುದು ತಡವಾಗಿ.

ಆದರೂ ಕಟ್ಟಿದ ಬಗೆಯನ್ನು ಹೊಗಳಲೇಬೇಕು. ಸಿಹಿಯಾದ ಹಾಡನ್ನು ಕೊಲೆಯ ಪಕ್ಕದಲ್ಲಿಟ್ಟ ಜಾಣತನ ಒಂದು. ಇನ್ನೊಂದು, ಆ ತಾಯಿಯ ಮಾತು. ಹೊರಗೆ ಕರೆದೊಯ್ಯುತ್ತೇವೆ ಎಂದರೆ ಅವಳು ಇದು ನಮ್ಮ ಮನೆ, ಯಾಕೆ ಬಿಟ್ಟುಹೋಗಲಿ ಎಂಬ ಅರ್ಥದಲ್ಲಿ ಉತ್ತರ ಕೊಡುತ್ತಾಳೆ. ಆ ಮಾತು ಕೇಳಿ ನನಗೆ ಬೆವರಿದ್ದು ಭಯಕ್ಕಲ್ಲ. ಬೆಂಗಳೂರಿನ ತಮ್ಮ ವರ್ಷವರ್ಷ ಬಂದು, ಅಬ್ಬಿಯನ್ನು ಕರೆದೊಯ್ಯುತ್ತೇನೆ ಎಂದಾಗೆಲ್ಲ ನಮ್ಮ ಚಾವಡಿಯಲ್ಲಿ ಕೇಳಿಬರುವ ಉತ್ತರವೂ ಇದೇ, ಹೆಚ್ಚುಕಡಿಮೆ ಇದೇ ದನಿಯಲ್ಲಿ.

ಅಬ್ಬಿಯೂ ಅದನ್ನು ಗಮನಿಸಿದ್ದಳು. ಎಲ್ಲ ಬೈದು ಮುಗಿಸಿದ ಮೇಲೆ, ಚೀಲದಿಂದ ಇನ್ನೊಂದು ಎಲೆ ತೆಗೆದು ಸುಣ್ಣ ಹಚ್ಚುತ್ತ, "ಮಾಡಿದ್ದ್ ಹೊಲಸೇ. ಆರೂ ಕೈಕಾಲ್ ಇಲ್ದಿದ್ ಅಬ್ಬಿನ ಬಿಟ್ಟ್ ಹೋಯ್ಲಿಲ್ಲ ಕಾಣ್ ಆ ಮಕ್ಳ್" ಎಂದಳು. "ನಂಗ್ ಮೂರ್ ಮಕ್ಳ್. ಒಬ್ಬ ಬೊಂಬಾಯಂಗೆ, ಒಬ್ಬ ಬೆಂಗ್ಳೂರಂಗೆ."

ಮೂರನೆಯವ ನಾನು. ನನ್ನ ಬಗ್ಗೆ ಏನಾದರೂ ಒಳ್ಳೆಯ ಮಾತು ಬರಬಹುದೆಂದು ಕಾದೆ. ಅವಳು ಎಲೆ ಮಡಚಿ ಬಾಯಿಗಿಟ್ಟುಕೊಂಡು, ನಿನ್ನೆ ರಾತ್ರಿ ಆಚೆ ಕೋಣೆಯಲ್ಲಿ ಹನಿ ನೀರೂ ಸೋರಿಲ್ಲವಲ್ಲ ಎಂದು ಕೇಳಿದಳು.

ಎಕ್ಸ್-ಫೈಲ್ಸ್‌ನ ಆ ಕಂತು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ನನ್ನ ತೀರ್ಪು ಇಷ್ಟು: ಇಂಥದ್ದನ್ನು ಮಾಡಬಾರದಿತ್ತು, ಮಾಡುವುದಾದರೆ ಇದಕ್ಕಿಂತ ಚೆನ್ನಾಗಿ ಮಾಡಲಾಗದು. ನಾನು ಇನ್ನೊಮ್ಮೆ ನೋಡುವುದಿಲ್ಲ. ನೋಡಲೇಬೇಕೆಂದಿರುವವರು ಆಸಾಡಿ ಕಳೆದ ಮೇಲೆ, ಬಿಸಿಲಿರುವ ಹಗಲು ಹೊತ್ತಿನಲ್ಲಿ, ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವರಿಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು. ಅರ್ಥ ಹೇಳಲು ಮಾತ್ರ ನನ್ನ ಮಗಳನ್ನು ಕರೆಯಬೇಡಿ. ಅವಳು ಬೆಂಗಳೂರಿಗೆ ವಾಪಸು ಹೋಗಿದ್ದಾಳೆ.